ಪೀಪಿ ಇಲ್ಲದ ಗುಂಡಿ

ಚಳಿ ಹಿಂದೆ ಸರಿದು, ಬಿಸಿಲು ಇನ್ನೂ ಮೈ ಸುಡದ ಕಾಲ. ಸೋಮವಾರ ಬೆಳಗಿನ ಒಂಬತ್ತರ ಹೊತ್ತಿಗೆ ಫೋನಿನವನು ಏಣಿ ಹೊತ್ತುಕೊಂಡು ಗಾಜಿನ ಕಾರ್ಖಾನೆಯ ಆಫೀಸಿಗೆ ಬಂದ. ಗೋಡೆಗೆ ಕೂತಿದ್ದ ಹಳೆಯ ಟೆಲಿಫೋನ್ ಬೋರ್ಡಿನ ತಿರುಪುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಬೋರ್ಡಕ್ಕ ಪಕ್ಕದ ಸ್ಟೂಲಿನ ಮೇಲೆ ಕೂತು, ಹಲ್ಲು ಕೀಳಿಸಿಕೊಳ್ಳಲು ಬಂದವಳ ಹಾಗೆ ದವಡೆ ಹಿಡಿದುಕೊಂಡು ನೋಡುತ್ತಿದ್ದಳು.

ಆ ಬೋರ್ಡಿನ ಮುಂದೆ ಕೂತು ಕೂತು ಬೋರ್ಡಕ್ಕ ಆದವಳು ಆಕೆ. ಈಗಿನ ಯಜಮಾನರ ಅಪ್ಪ ಬದುಕಿದ್ದಾಗ ಕೆಲಸಕ್ಕೆ ಸೇರಿದವಳು. ಕಾರ್ಖಾನೆ ಅಂದರೆ ಬಹಳ ದೊಡ್ಡದೇನಲ್ಲ. ಹಾಳೆ ಹಾಳೆಯಾಗಿ ಬರುವ ಗಾಜನ್ನು ಕಿಟಕಿಗೆ, ಬಾಗಿಲಿಗೆ, ಅಂಗಡಿಯ ಮುಂಭಾಗಕ್ಕೆ ಅಳತೆ ನೋಡಿ ಕೊಯ್ದು, ಅಂಚು ಉಜ್ಜಿ ಕೊಡುವುದು; ಮೂಲೆಯ ಕೋಣೆಯಲ್ಲಿ ಕನ್ನಡಿ ಮಾಡುವುದು. ಅಲ್ಲಿ ಕೆಲಸ ಮಾಡುವವರು ಯಾರೂ ಓಡುವುದಿಲ್ಲ, ಯಾರೂ ಹಿಂದಿನಿಂದ ಬಂದು ಬೆನ್ನು ತಟ್ಟುವುದಿಲ್ಲ. ಗಾಜಿನ ಜೊತೆ ಬಾಳುವವರಿಗೆ ನಡಿಗೆಯೇ ಬೇರೆ.

ಆಫೀಸಿನಲ್ಲಿ ಎರಡು ಕೋಣೆ, ನಡುವೆ ಬೋರ್ಡಕ್ಕನ ಜಾಗ. ಎಡಗಡೆ ದೊಡ್ಡವರು, ಬಲಗಡೆ ಚಿಕ್ಕವರು. ಒಡಹುಟ್ಟಿದ ಅಣ್ಣತಮ್ಮಂದಿರು. ಗಾಜಿನ ಕಾರ್ಖಾನೆಯಾದ ಮೇಲೆ ಕೋಣೆಯ ಗೋಡೆಗಳೂ ಗಾಜಿನವೇ. ಅಣ್ಣನಿಗೆ ತಮ್ಮನ ಮುಖ, ತಮ್ಮನಿಗೆ ಅಣ್ಣನ ಮುಖ ದಿನವಿಡೀ ಕಾಣಬೇಕು. ಅದಕ್ಕೇ ದೊಡ್ಡವರು ತಮ್ಮ ಕಡೆಯ ಗಾಜಿಗೆ ಹಳೆಯ ನ್ಯೂಸ್‌ಪೇಪರ್ ಅಂಟಿಸಿಕೊಂಡಿದ್ದರು. ಅವು ಹಳದಿಯಾಗಿ, ಬಿಸಿಲಿಗೆ ಸುರುಟಿ, ಒಂದು ಮೂಲೆ ಬಿಟ್ಟುಕೊಂಡಿತ್ತು. ಚಿಕ್ಕವರು ಏನೂ ಅಂಟಿಸಿರಲಿಲ್ಲ, ಕುರ್ಚಿಯನ್ನೇ ತಿರುಗಿಸಿಕೊಂಡಿದ್ದರು.

ಇಬ್ಬರೂ ಮಾತು ಬಿಟ್ಟು ಯಾವ ಕಾಲವಾಯಿತೋ. ಒಂದು ಲಾರಿ ತುಂಬ ಕನ್ನಡಿ ಹೋಟೆಲೊಂದಕ್ಕೆ ಹೋಗುತ್ತಿತ್ತು. ದಾರಿಯಲ್ಲಿ ಹಗ್ಗ ಸಡಿಲಾಗಿ, ತಿರುವಿನಲ್ಲಿ ಅಷ್ಟೂ ಕನ್ನಡಿ ರಸ್ತೆಗೆ ಬಿತ್ತು. ಹಗ್ಗ ಬಿಗಿದದ್ದು ನೀನು ಎಂದು ಅಣ್ಣ, ಗಂಟು ನೋಡಿದ್ದು ನೀನು ಎಂದು ತಮ್ಮ. ಮಾತಿಗೆ ಮಾತು ಬೆಳೆದು, ಅಪ್ಪನ ಕಾಲದ ಹಳೆಯ ಸಿಟ್ಟುಗಳೂ ಎದ್ದು ಬಂದು ಕೂತವು. ಆವತ್ತಿನಿಂದ ಇಬ್ಬರ ನಡುವೆ ಮಾತು ಅಂತ ನಡೆದರೆ ಅದು ಬೋರ್ಡಕ್ಕನ ಮೂಲಕವೇ.

ನಡೆಯುತ್ತಿದ್ದದ್ದು ಹೀಗೆ. ಎಡಗಡೆಯ ಫೋನು ಗುಂಯ್ ಅನ್ನುತ್ತಿತ್ತು. “ಏನಮ್ಮಾ, ಆ ಕತ್ತೆಗೆ ಹೇಳು, ದಪ್ಪ ಗಾಜು ಮುಗೀತಾ ಬಂತು, ಕಣ್ಣು ಬಿಟ್ಕೊಂಡು ನೋಡ್ಲಿ ಅಂತ.” ಬೋರ್ಡಕ್ಕ ಫೋನಿನ ಬಾಯಿಗೆ ಅಂಗೈ ಮುಚ್ಚಿ, ಇನ್ನೊಂದು ತಂತಿ ಸಿಕ್ಕಿಸಿ, ಬಲಗಡೆಯವರಿಗೆ ಹೇಳುತ್ತಿದ್ದಳು: “ಚಿಕ್ಕೋರೆ, ದಪ್ಪ ಗಾಜು ಸ್ವಲ್ಪ ಕಮ್ಮಿ ಆಗಿದೆಯಂತೆ, ಬಿಡುವಾದಾಗ ಒಂದು ಸಲ ನೋಡ್ತೀರಾ ಅಂತ ಕೇಳಿದ್ರು.” ಅಲ್ಲಿಂದ ಉತ್ತರ ಬರುತ್ತಿತ್ತು: “ಅವನಿಗೆ ಹೇಳಕ್ಕಾ, ನನಗೆ ಕಣ್ಣು ಚೆನ್ನಾಗಿದೆ, ಅವನೇ ಕನ್ನಡಕ ಬದಲಾಯಿಸ್ಲಿ.” ಮತ್ತೆ ಅಂಗೈ, ಮತ್ತೆ ತಂತಿ. “ದೊಡ್ಡೋರೆ, ಆಗಲೇ ಹೇಳಿಕಳಿಸಿದ್ದಾರಂತೆ. ನೆನಪು ಮಾಡಿದ್ದು ಒಳ್ಳೇದಾಯ್ತು ಅಂದ್ರು.”

ಮೊದಮೊದಲು ಬೈಗುಳವನ್ನಷ್ಟೇ ತೆಗೆಯುತ್ತಿದ್ದಳು, ಅಕ್ಕಿಯಿಂದ ಕಲ್ಲು ತೆಗೆದ ಹಾಗೆ. ಬರುಬರುತ್ತಾ ಬೈಗುಳ ತೆಗೆದ ಜಾಗ ಖಾಲಿ ಕಾಣತೊಡಗಿತು. ಆ ಖಾಲಿಯಲ್ಲಿ ಒಂದೊಂದು ಒಳ್ಳೆಯ ಮಾತು ಇಡುವುದು ಅಭ್ಯಾಸವಾಯಿತು. ಬೆನ್ನು ಹೇಗಿದೆ ಅಂತ ಕೇಳಿದರು, ಹೊಸ ಕನ್ನಡಿಯ ಅಂಚು ಚೆನ್ನಾಗಿದೆ ಅಂದರು, ಇಂಥವೇ. ಕೆಟ್ಟದ್ದೇನೂ ಆಗಲಿಲ್ಲ. ಕಾರ್ಖಾನೆ ನಡೆಯಿತು, ಮನೆಗಳಲ್ಲಿ ಒಲೆ ಉರಿಯಿತು.

ಆದರೆ ಈ ವರ್ಷ ದೊಡ್ಡವರ ತಲೆಗೆ ಗೋಡೆ ಹೊಕ್ಕಿತ್ತು. ಗಾಜು ಕೊಯ್ಯುವ ದೊಡ್ಡ ಹಾಲಿನ ನಟ್ಟನಡುವೆ ಒಂದು ಗೋಡೆ ಎಬ್ಬಿಸಿ, ಅರ್ಧ ನಿನಗೆ ಅರ್ಧ ನನಗೆ ಅಂದುಬಿಡುವುದು. ಗಾರೆ ಮೇಸ್ತ್ರಿಯೊಬ್ಬ ಬಂದು, ದಾರ ಹಿಡಿದು, ನೆಲದ ಮೇಲೆ ಸುಣ್ಣದ ಗೆರೆಯನ್ನೂ ಎಳೆದು ಹೋಗಿದ್ದ. ಗುರುವಾರ ಇಟ್ಟಿಗೆ ಬರುತ್ತದೆ ಅಂದಿದ್ದ.

ಆ ಗೆರೆ ಕಂಡ ದಿನ ಬೋರ್ಡಕ್ಕನಿಗೆ ಊಟ ಸೇರಿರಲಿಲ್ಲ. ದೊಡ್ಡ ಗಾಜಿನ ಹಾಳೆಯನ್ನು ಒರಗಿಸಿಟ್ಟ ಚೌಕಟ್ಟಿನಿಂದ ಎತ್ತಿ, ಮೇಜಿಗೆ ಮಲಗಿಸಲು ಹಾಲಿನ ಇಡೀ ಅಗಲ ಬೇಕು. ಇಬ್ಬರು ಹಿಡಿದು ಸುತ್ತು ಹೊಡೆಯಬೇಕು. ಅರ್ಧ ಹಾಲಿನಲ್ಲಿ ಆ ಹಾಳೆ ತಿರುಗುವುದಿಲ್ಲ. ದೊಡ್ಡ ಕೆಲಸ ಬರದಿದ್ದರೆ ಎರಡು ಅರ್ಧಗಳೂ ಆರು ತಿಂಗಳಲ್ಲಿ ಬಾಗಿಲು ಹಾಕುತ್ತವೆ. ಇದು ಇಬ್ಬರಿಗೂ ಗೊತ್ತು. ಗೊತ್ತಿದ್ದೂ ಮೊಂಡು. ಅವಳಾದರೋ ಗೋಡೆಯ ಮಾತು ಬಂದಾಗಲೆಲ್ಲ ತೇಲಿಸಿ, ಮುಳುಗಿಸಿ, “ನಿಧಾನವಾಗಿ ನೋಡೋಣ ಅಂದ್ರು” ಎಂದು ಅತ್ತ ಒಮ್ಮೆ, ಇತ್ತ ಒಮ್ಮೆ ಹೇಳಿ ದಿನ ತಳ್ಳಿದ್ದಳು. ಇನ್ನು ತಳ್ಳಲು ಜಾಗ ಉಳಿದಿರಲಿಲ್ಲ.

ಅಂಥ ಹೊತ್ತಿನಲ್ಲೇ ಹಳೆಯ ಬೋರ್ಡು ಸುಟ್ಟ ವಾಸನೆ ಬಿಟ್ಟು ಸತ್ತದ್ದು, ಈ ಫೋನಿನವನು ಬಂದದ್ದು.

ಮಧ್ಯಾಹ್ನದ ಹೊತ್ತಿಗೆ ಎಲ್ಲರ ಮೇಜಿನ ಮೇಲೂ ಹೊಸ ಫೋನು ಕೂತಿತು. ಬೋರ್ಡಕ್ಕನ ಮುಂದೆ ಎಲ್ಲಕ್ಕಿಂತ ದೊಡ್ಡದು, ಮೈತುಂಬ ಗುಂಡಿ. ಫೋನಿನವನು ಒಳ್ಳೆಯವನೇ, ಆದರೆ ಅವನ ನಾಲಿಗೆಗೆ ಚಕ್ರ ಇತ್ತು.

“ನೋಡಿ ಅಕ್ಕಾ, ಕೆಂಪು ಗುಂಡಿ ಹೋಲ್ಡ್. ಒತ್ತಿದ್ರೆ ಅವರು ಕಾಯ್ತಾ ಇರ್ತಾರೆ, ಬೇಜಾರಾಗ್ಬಾರ್ದು ಅಂತ ಅವರಿಗೆ ಒಂದು ಹಾಡು ಕೇಳಿಸುತ್ತೆ. ಹಸಿರು ಟ್ರಾನ್ಸ್‌ಫರ್. ಬಂದ ಫೋನನ್ನ ಬೇರೆ ಮೇಜಿಗೆ ದಾಟಿಸೋದು. ನೀಲಿ ಕಾನ್ಫರೆನ್ಸ್. ಒತ್ತಿ, ಇನ್ನೊಬ್ಬರ ನಂಬರ್ ಹೊಡೆದು, ಮತ್ತೆ ಒತ್ತಿ. ನೀವು ಇಟ್ಬಿಟ್ರೂ ಲೈನ್ ನಡೀತಿರುತ್ತೆ. ಇದು ಬೇರೆಯವರ ಮೇಜಿನ ಫೋನನ್ನ ಇಲ್ಲಿಂದಲೇ ಎತ್ತೋದು. ಇದು ಮನೆಗೆ ತಿರುಗಿಸೋದು. ಇದು ಯಾರೂ ತೊಂದರೆ ಕೊಡ್ಬೇಡಿ ಅನ್ನೋದು. ಗೊತ್ತಾಯ್ತಲ್ಲ?”

“ಕೆಂಪು, ಹಸಿರು ಗೊತ್ತಾಯ್ತಪ್ಪ,” ಎಂದಳು ಬೋರ್ಡಕ್ಕ. “ಉಳಿದದ್ದು ನೀನು ಹೋದ ಮೇಲೆ ಗೊತ್ತಾಗುತ್ತೆ.”

“ಇನ್ನೊಂದು ಅನುಕೂಲ ಇದೆ. ಈಗ ದೊಡ್ಡೋರು ಚಿಕ್ಕೋರಿಗೆ ಅವರೇ ನೇರವಾಗಿ ಮಾಡ್ಕೋಬಹುದು. ನಡುವೆ ನೀವೇ ಬೇಕಾಗಿಲ್ಲ.”

ಅವನು ಒಳ್ಳೆಯ ಸುದ್ದಿ ಅಂತಲೇ ಹೇಳಿದ್ದು. ಬೋರ್ಡಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಗುರುವಾರ ಇಟ್ಟಿಗೆ, ಇವತ್ತು ನೇರ ಫೋನು. ಆ ಇಬ್ಬರು ತಮ್ಮ ತಮ್ಮ ಬಾಯಿಂದಲೇ ಮಾತಾಡಿದರೆ ಗೋಡೆಗೆ ಇಟ್ಟಿಗೆಯೂ ಬೇಡ, ಸಿಮೆಂಟೂ ಬೇಡ. ಅಲ್ಲೇ ಎದ್ದು ನಿಲ್ಲುತ್ತದೆ ಅನ್ನಿಸಿತು.

ಆದರೆ ದೊಡ್ಡವರು ಆ ನೇರ ಗುಂಡಿಯನ್ನು ಬೆರಳಿನಿಂದ ಮುಟ್ಟಲೂ ಇಲ್ಲ. ಸಂಜೆ ಎಂದಿನ ಹಾಗೆ ಬೋರ್ಡಕ್ಕನಿಗೇ ಮಾಡಿದರು. ಫೋನಿನವನು ಹೇಳಿಕೊಟ್ಟ ಹಾಗೆ ಅವಳು ಕೆಂಪು ಒತ್ತಿದಳು. ಒತ್ತಿ ಇನ್ನೂ ಚಿಕ್ಕವರ ನಂಬರು ಹೊಡೆದಿಲ್ಲ, ಎಡಗಡೆಯ ಗಾಜಿನ ಬಾಗಿಲು ಧಡಾರನೆ ತೆರೆಯಿತು.

“ಏನಮ್ಮಾ ಇದು! ಕಿವಿಯಲ್ಲಿ ಪೀಪಿ ಊದ್ತಾ ಇದೆ!”

“ಅದು ಹಾಡು ದೊಡ್ಡೋರೆ. ಬೇಜಾರಾಗ್ಬಾರ್ದು ಅಂತ.”

“ನನಗೆ ಬೇಜಾರಾದ್ರೆ ನಾನೇ ಹಾಡ್ಕೋತೀನಿ. ಇನ್ನೊಂದು ಸಲ ಆ ಪೀಪಿ ಕೇಳಿಸಿದ್ರೆ ಈ ಡಬ್ಬಾನ ಅಂಚು ಉಜ್ಜೋ ಯಂತ್ರಕ್ಕೆ ಕೊಡ್ತೀನಿ.”

ಬಾಗಿಲು ಮುಚ್ಚಿತು. ನ್ಯೂಸ್‌ಪೇಪರಿನ ಇನ್ನೊಂದು ಮೂಲೆಯೂ ಬಿಟ್ಟುಕೊಂಡಿತು.

ಮಾರನೆಯ ಬೆಳಗ್ಗೆ ಬೋರ್ಡಕ್ಕ ಬೇಗ ಬಂದಳು. ಫೋನಿನವನು ಬೇರೆ ಊರಿಗೆ ಹೋಗಿಬಿಟ್ಟಿದ್ದ. ಪೀಪಿ ಊದದೆ ಒಬ್ಬರನ್ನು ಕಾಯಿಸುವ ಗುಂಡಿ ಯಾವುದಾದರೂ ಇದ್ದೇ ಇರುತ್ತದೆ, ಇಷ್ಟು ಗುಂಡಿ ಇಟ್ಟವನು ಅದೊಂದು ಇಟ್ಟಿರುವುದಿಲ್ಲವೇ ಅನ್ನುವುದು ಅವಳ ಲೆಕ್ಕ. ಪರೀಕ್ಷೆಗೆ ಹುಲ್ಲಣ್ಣನನ್ನು ಫೋನಿನಲ್ಲಿ ಹಿಡಿದಳು. ಹುಲ್ಲಣ್ಣ ಹಿಂದಿನ ಶೆಡ್ಡಿನಲ್ಲಿ ಗಾಜಿಗೆ ಹುಲ್ಲು ಸುತ್ತಿ ಪೆಟ್ಟಿಗೆ ಕಟ್ಟುವವನು. ತಲೆಗೂದಲಲ್ಲಿ, ಮೀಸೆಯಲ್ಲಿ ಯಾವಾಗಲೂ ಒಂದು ಎಳೆ ಹುಲ್ಲು ಇದ್ದೇ ಇರುತ್ತಿತ್ತು.

“ಹುಲ್ಲಣ್ಣ, ನಾನು ಒಂದೊಂದೇ ಗುಂಡಿ ಒತ್ತೀನಿ. ನಿನಗೇನು ಕೇಳಿಸುತ್ತೆ ಹೇಳು.”

“ಒತ್ತು ತಾಯಿ. ಶಾಕ್ ಹೊಡೆಯಲ್ಲ ತಾನೇ?”

ಕೆಂಪು ಒತ್ತಿದಳು. “ಪೀಪಿ,” ಎಂದ. ಹಸಿರು ಒತ್ತಿದಳು. “ಅದೂ ಪೀಪಿ.” ನೀಲಿ ಒತ್ತಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿ ಕೇಳಿದಳು: “ಈಗ?”

“ಏನೂ ಇಲ್ಲ. ಬಾವಿ ಒಳಗೆ ಇಳಿದ ಹಾಗಿತ್ತು. ನಿದ್ದೆ ಬರೋ ಹಾಗಿತ್ತು ಕಣಕ್ಕಾ, ಇನ್ನೊಂದು ಸಲ ಒತ್ತು.”

ಬೋರ್ಡಕ್ಕನಿಗೆ ಜೀವ ಬಂದ ಹಾಗಾಯಿತು. ನೀಲಿ ಗುಂಡಿಯೇ ಪೀಪಿ ಇಲ್ಲದ ಗುಂಡಿ. ಅದರ ಆಚೆ ತುದಿಯಲ್ಲಿ ಇನ್ನೊಬ್ಬರು ಇದ್ದರೆ ಏನಾಗುತ್ತದೆ ಅನ್ನುವುದನ್ನು ಅವಳೂ ನೋಡಲಿಲ್ಲ, ಹುಲ್ಲಣ್ಣನೂ ಕೇಳಲಿಲ್ಲ. ಫೋನಿನವನು ಹೇಳಿದ್ದು ಬಂದ ಕಿವಿಯಿಂದಲೇ ಹೊರಟುಹೋಗಿತ್ತು.

ಹನ್ನೊಂದರ ಸುಮಾರಿಗೆ ಎಡಗಡೆಯ ದೀಪ ಮಿಣುಕಿತು.

“ಏನಮ್ಮಾ. ಆ ಕತ್ತೆಗೆ ಹೇಳು. ಮೂರನೇ ಕಂಬದ ಹತ್ರ ಗೋಡೆ ಏಳುತ್ತೆ. ಒಪ್ಪಿಗೆ ಇದ್ರೆ ಇದೆ ಅನ್ಲಿ, ಇಲ್ಲ ಅಂದ್ರೆ ವಕೀಲರ ಹತ್ರ ಹೋಗ್ಲಿ. ನಿಧಾನ ಗಿಧಾನ ಅಂತ ಇನ್ನು ನನ್ನ ಹತ್ರ ನಡೆಯಲ್ಲ. ಈಗಲೇ ಕೇಳು, ನಾನು ಕಾಯ್ತೀನಿ. ಪೀಪಿ ಊದಿದ್ರೆ ನೋಡು.”

“ಇಲ್ಲ ದೊಡ್ಡೋರೆ, ಇವತ್ತು ಪೀಪಿ ಇಲ್ಲ,” ಎಂದು ನೀಲಿ ಒತ್ತಿದಳು. ಚಿಕ್ಕವರ ನಂಬರು ಹೊಡೆದಳು. ಮತ್ತೆ ನೀಲಿ ಒತ್ತಿದಳು. ದೇವರೇ, ಇವತ್ತೊಂದು ದಿನ ನಾಲಿಗೆ ನೆಟ್ಟಗೆ ಹೊರಳಲಿ ಅಂದುಕೊಂಡಳು.

“ಏನಕ್ಕಾ?” ಎಂದರು ಚಿಕ್ಕವರು.

“ಚಿಕ್ಕೋರೆ, ದೊಡ್ಡೋರು ಮಾತಾಡಿದ್ರು. ಆ ಗೋಡೆ ವಿಷಯ... ಅವರಿಗೂ ಅಷ್ಟೇನೂ ಮನಸ್ಸಿಲ್ಲ ಅನ್ಸುತ್ತೆ. ನಿಮ್ಮ ಅಭಿಪ್ರಾಯ ಏನು ಅಂತ ಕೇಳಿದ್ರು. ಹಾಗೇ, ನಿಮ್ಮ ಬೆನ್ನು ನೋವು ಈಗ ಹೇಗಿದೆ ಅಂತನೂ ವಿಚಾರಿಸಿದ್ರು.”

“ಯಾರು ವಿಚಾರಿಸಿದ್ದು?”

ಆ ದನಿ ಚಿಕ್ಕವರದಲ್ಲ. ಬೋರ್ಡಕ್ಕ ಎಡಗಡೆಯ ಬಾಗಿಲನ್ನು ನೋಡಿದಳು. ಮುಚ್ಚಿತ್ತು. ದನಿ ಬಂದದ್ದು ಕಿವಿಯೊಳಗಿಂದ.

“ನಾನು ಯಾರ ಬೆನ್ನನ್ನೂ ವಿಚಾರಿಸ್ಲಿಲ್ಲ. ಮನಸ್ಸಿಲ್ಲ ಅಂತನೂ ಅನ್ಲಿಲ್ಲ.”

“ಅಕ್ಕಾ, ಲೈನಲ್ಲಿ ಯಾರದು?” ಎಂದರು ಚಿಕ್ಕವರು.

ಬೋರ್ಡಕ್ಕನ ಕೈ ತಾನಾಗಿಯೇ ಹೋಗಿ ಫೋನಿನ ಬಾಯಿ ಮುಚ್ಚಿತು. ಇಷ್ಟು ವರ್ಷ ಅಂಗೈ ಮುಚ್ಚಿದರೆ ಎಲ್ಲವೂ ನಿಲ್ಲುತ್ತಿತ್ತು. ಈಗ ಅಂಗೈ ಅವಳ ಮಾತೊಂದನ್ನೇ ಮುಚ್ಚಿತು. ಅವರಿಬ್ಬರು ಅದರ ಆಚೆ ಎದುರುಬದುರು ನಿಂತುಬಿಟ್ಟಿದ್ದರು.

“ಯಾರು ಅಂದ್ರೆ? ಈ ಕಾರ್ಖಾನೆ ಯಜಮಾನ,” ಎಂದರು ದೊಡ್ಡವರು.

“ಅರ್ಧ ಯಜಮಾನ,” ಎಂದರು ಚಿಕ್ಕವರು.

ಮಾತು ಬಿಟ್ಟ ಮೇಲೆ ಇಬ್ಬರ ನಡುವೆ ನೇರವಾಗಿ ಆದ ಮೊದಲ ಮಾತು ಅದು. ಹಾಲಿನಲ್ಲಿ ಯಾರೋ ಗಾಜಿನ ಮೇಲೆ ಕೊಯ್ಯುವ ಚಕ್ರ ಎಳೆದ ಕಿರ್ ಸದ್ದು ಕೇಳಿಸಿತು, ಆಮೇಲೆ ಗಾಜು ಟಪ್ಪನೆ ಬೇರೆಯಾದದ್ದು.

ದೊಡ್ಡವರೇ ಮೊದಲು ಶುರು ಮಾಡಿದರು. ದನಿಯಲ್ಲಿ ಸಿಟ್ಟಿಗಿಂತ ಅನುಮಾನ ಹೆಚ್ಚಿತ್ತು.

“ಹೊಸ ಕನ್ನಡಿ ಅಂಚು ಬಹಳ ಚೆನ್ನಾಗಿ ಬಂದಿದೆ ಅಂತ ನೀನು ಹೇಳಿಕಳಿಸಿದ್ದೆ.”

“ನಾನಾ? ಆ ಅಂಚಲ್ಲಿ ಕೈ ಕೊಯ್ಕೊಂಡೆ ಅಂತ ಹೇಳಿದ್ದು ನಾನು.”

“ನನ್ನ ಹುಟ್ಟಿದ ದಿನ, ಬೇಗ ಮನೆಗೆ ಹೋಗಿ ವಿಶ್ರಾಂತಿ ತಗೊಳ್ಲಿ ಅಂತ...”

“ಬೇಗ ಹೋದ್ರೆ ನಮಗೂ ನೆಮ್ಮದಿ ಅಂದಿದ್ದೆ.”

“ಅಂದ್ರೆ ಇಷ್ಟು ವರ್ಷ ನಾನು ಯಾರ ಜೊತೆ ಮಾತಾಡ್ತಿದ್ದೆ?”

ಚಿಕ್ಕವರು ಸ್ವಲ್ಪ ನಕ್ಕ ಹಾಗೆ ಕೇಳಿಸಿತು. “ನನಗೆ ಯಾವತ್ತೋ ಗೊತ್ತಾಗಿತ್ತು. ‘ದಯವಿಟ್ಟು’ ಅಂತ ನೀನು ಕಳಿಸಿದೆ ಅಂದಾಗಲೇ. ನಿನ್ನ ಬಾಯಲ್ಲಿ ಆ ಮಾತು ಹುಟ್ಟೋಕೆ ಸಾಧ್ಯ ಇಲ್ಲ. ಅಕ್ಕನ ಕೆಲಸ ಅಂತ ಸುಮ್ಮನಿದ್ದೆ. ಕೇಳೋಕೆ ಚೆನ್ನಾಗಿತ್ತು.”

ದೊಡ್ಡವರಿಗೆ ಗೊತ್ತಿರಲಿಲ್ಲ. ಬೋರ್ಡಕ್ಕ ಕಣ್ಣು ಮುಚ್ಚಿಕೊಂಡಳು. ಈ ಮನುಷ್ಯ ಬೈದುಕೊಂಡೇ ಬದುಕಿದವನು, ಆದರೆ ಬಂದ ಒಳ್ಳೆಯ ಮಾತನ್ನೆಲ್ಲ ನಂಬಿ, ಎತ್ತಿಟ್ಟುಕೊಂಡು ಬದುಕಿದವನು. ಅದು ಅವಳಿಗೆ ಹೊಳೆದದ್ದು ಆಗಲೇ. ಗೋಡೆ ಎದ್ದ ಹಾಗೆಯೇ ಅನ್ನಿಸಿತು.

“ಹಾಗಾದ್ರೆ,” ಎಂದರು ದೊಡ್ಡವರು. ದನಿ ತಗ್ಗಿತ್ತು. “ಹೋದ ಚಳಿಗಾಲ ನನ್ನ ಕೆಮ್ಮು ಕೇಳಿಕೊಂಡು ಒಂದು ಮಾತು ಬಂದಿತ್ತು. ಒಳ್ಳೆ ಡಾಕ್ಟರಿಗೆ ತೋರಿಸ್ಲಿ, ಅಲ್ಲೀವರೆಗೂ ಕನ್ನಡಿ ಕೋಣೆಗೆ ಹೋಗೋದು ಬೇಡ, ಕನ್ನಡಿಗೆ ಬಳಿಯೋ ಔಷಧದ ವಾಸನೆ ಎದೆಗೆ ಹಿಡಿಯುತ್ತೆ, ಅಲ್ಲಿ ನಾನು ನೋಡ್ಕೋತೀನಿ ಅಂತ. ಅದೂ ನೀನಲ್ಲ.”

ಚಿಕ್ಕವರು ಹೇಳಿದರು: “ಅದು ನಾನೇ.”

“ಸುಳ್ಳು.”

“ಬೇಕಾದ್ರೆ ನಂಬು. ಅದೊಂದು ನಾನೇ.”

“ಏನಮ್ಮಾ!” ದೊಡ್ಡವರು ಕೂಗಿದರು. “ಕೇಳಿಸ್ಕೋತಿದ್ದೀಯಾ? ಬಾಯಿ ಬಿಡು.”

ಬೋರ್ಡಕ್ಕ ಅಂಗೈ ತೆಗೆದಳು. “ಇದ್ದೀನಿ ದೊಡ್ಡೋರೆ. ಅದು ಚಿಕ್ಕೋರೇ ಹೇಳಿದ್ದು. ನಿಜವಾಗ್ಲೂ.”

“ನಿನ್ನ ನಿಜ ಈಗ ಯಾರಿಗೆ ಬೇಕು? ನಾನು ಬೆನ್ನು ವಿಚಾರಿಸಿದೆ ಅನ್ನೋದನ್ನೂ ನಿಜದ ಹಾಗೇ ಹೇಳಿದ್ದೆ, ಈಗಷ್ಟೇ.”

ಅವರು ಹೇಳಿದ್ದು ಸರಿಯೇ. ಇಷ್ಟು ದಿನ ಸಕ್ಕರೆ ಬೆರೆಸಿದ ಕೈಯಿಂದ ಕೊಟ್ಟದ್ದನ್ನು ಇದೊಂದು ಮಾತ್ರ ಬೆರಕೆಯಲ್ಲ ಅಂದರೆ ಯಾರು ನಂಬುತ್ತಾರೆ? ಇರುವ ಒಂದೇ ಒಂದು ನಿಜವೂ ಅವಳ ದೆಸೆಯಿಂದಲೇ ಸುಳ್ಳಾಗಿ ಕೂತಿತ್ತು. ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಚಿಕ್ಕವರು ತಾವಾಗಿಯೇ ಫೋನು ಮಾಡಿದ್ದರು. ಸೇರಿಸಲು ಅವಳಿಗೆ ಏನೂ ಬೇಕಾಗಿರಲಿಲ್ಲ, ತೆಗೆಯುವುದು ಮಾತ್ರ ಇತ್ತು.

ಆ ತೆಗೆದ ಮಾತು ಇನ್ನೂ ಅವಳ ಹತ್ತಿರವೇ ಇತ್ತು.

“ದೊಡ್ಡೋರೆ,” ಎಂದಳು, “ಅವರು ಹೇಳಿದ್ದನ್ನ ಇದ್ದ ಹಾಗೇ ಹೇಳ್ಲಾ? ನಾನು ಸೋಸದೇ?”

“ಹೇಳು.”

“ಬಾಯಿಗೆ ಬರ್ತಿಲ್ಲ.”

“ಹೇಳಮ್ಮಾ ಅಂದ್ರೆ!”

ಬೋರ್ಡಕ್ಕ ಸೆರಗಿನ ತುದಿ ಹಿಡಿದುಕೊಂಡಳು. ಯಜಮಾನರಿಗೆ ಇಂಥ ಮಾತು ತನ್ನ ಬಾಯಿಂದ ಹೋಗುವ ದಿನ ಬಂತಲ್ಲ ಅಂದುಕೊಂಡು, ಒಂದೇ ಉಸಿರಿಗೆ ಅಂದುಬಿಟ್ಟಳು.

“‘ಆ ಬಿಂದಿಗೆ ತಲೆಗೆ ಹೇಳಕ್ಕಾ, ಕೆಮ್ಮಿ ಕೆಮ್ಮಿ ಗಾಜೆಲ್ಲ ಒಡೆಯೋಕೆ ಮುಂಚೆ ಡಾಕ್ಟರಿಗೆ ತೋರಿಸ್ಲಿ. ಕನ್ನಡಿ ಕೋಣೆಗೆ ಕಾಲಿಟ್ರೆ ಕಾಲು ಮುರೀತೀನಿ. ಆ ವಾಸನೆ ಅವನ ಎದೆಗೆ ಆಗಲ್ಲ, ಮೊದಲಿಂದಾನೂ ಆಗಲ್ಲ. ಅಲ್ಲಿ ನಾನು ನೋಡ್ಕೋತೀನಿ, ಬಿಂದಿಗೆ ತಲೆ ಬಿಸಿಲಲ್ಲಿ ಕೂತಿರ್ಲಿ.’ ಇಷ್ಟೇ ದೊಡ್ಡೋರೆ. ತಪ್ಪಾಯ್ತು.”

ಎಡಗಡೆಯಿಂದ ಒಂದು ಗೊರಗೊರ ಕೇಳಿಸಿತು. ಕೆಮ್ಮು ಮತ್ತೆ ಶುರುವಾಯಿತು ಅಂತ ಅವಳು ಗಾಬರಿಯಿಂದ ಅರ್ಧ ಎದ್ದಳು. ಕೆಮ್ಮಲ್ಲ. ದೊಡ್ಡವರು ನಗುತ್ತಿದ್ದರು.

“ಬಿಂದಿಗೆ ತಲೆ!” ಎಂದರು. “ಅದು ನಿನ್ನ ತಲೆಯಲ್ಲಿ ಹುಟ್ಟೋ ಮಾತಲ್ಲಮ್ಮಾ. ಇದು ಇವನದ್ದೇ.”

“ಅಂದ್ರೆ ಏನು ದೊಡ್ಡೋರೆ?”

ಉತ್ತರ ಬಲಗಡೆಯಿಂದ ಬಂತು. “ಅದಾ ಅಕ್ಕಾ, ಇವನು ಸಣ್ಣೋನಿದ್ದಾಗ ಬಿಂದಿಗೆ ಒಳಗೆ ತಲೆ ತೂರಿಸಿ ಸಿಕ್ಕಿಹಾಕ್ಕೊಂಡಿದ್ದ. ಅಪ್ಪ ಊರಲ್ಲಿರ್ಲಿಲ್ಲ. ಬಿಂದಿಗೆ ಹೊತ್ಕೊಂಡೇ ಮನೆ ತುಂಬ ಓಡಾಡಿ, ಬಾಗಿಲಿಗೆ ಢಣ್ ಢಣ್ ಅಂತ ಹೊಡ್ಕೊಂಡು, ಕೊನೆಗೆ ನಾನೇ ಎಣ್ಣೆ ಹಚ್ಚಿ ಎಳೆದದ್ದು.”

“ನೀನಲ್ಲ, ಅಮ್ಮ ಎಳೆದದ್ದು. ನೀನು ನಗ್ತಾ ನೆಲದ ಮೇಲೆ ಉರುಳಾಡ್ತಿದ್ದೆ.”

“ಎಣ್ಣೆ ತಂದುಕೊಟ್ಟದ್ದು ಯಾರು?”

“ಸೀಮೆಎಣ್ಣೆ ತಂದಿದ್ದೆ ನೀನು, ಕತ್ತೆ!”

“ಗಾಬರೀಲಿ ಯಾವ ಎಣ್ಣೆ ಅಂತ ನೋಡ್ತಾರಾ? ಕನ್ನಡಿ ಲಾರೀಲಿ ನೀನು ಗಂಟು ನೋಡಿದ್ಯಾ?”

“ಹಗ್ಗ ಬಿಗಿಯೋದು ನಿನ್ನ ಕೆಲಸ!”

“ಗಂಟು ನೋಡೋದು ನಿನ್ನ ಕೆಲಸ! ಇನ್ನು ಆ ಗೋಡೆ ಎಬ್ಬಿಸಿ ದೊಡ್ಡ ಹಾಳೆನ ಎಲ್ಲಿ ತಿರುಗಿಸ್ತೀಯ, ನಿನ್ನ ಬಿಂದಿಗೆ ತಲೆ ಮೇಲಾ?”

“ಅದನ್ನ ಬಾಯಿ ಬಿಟ್ಟು ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ಹೇಳಿದ್ದೆ! ಮೂರು ಸಲ ಹೇಳಿದ್ದೆ! ಅಕ್ಕ ಅದನ್ನ ‘ನಿಧಾನವಾಗಿ ನೋಡೋಣ’ ಅಂತ ಮಾಡಿದ್ದಾಳೆ.”

ಬೋರ್ಡಕ್ಕನ ಮುಖ ಕೆಂಪಾಯಿತು. ಅದೂ ನಿಜವೇ. ಕಲ್ಲು ತೆಗೆಯುವ ಭರದಲ್ಲಿ ಕೆಲವು ಸಲ ಅಕ್ಕಿಯನ್ನೂ ಚೆಲ್ಲಿದ್ದಳು. ಆದರೆ ಈಗ ಆ ಕಡೆಗಾಗಲಿ ಈ ಕಡೆಗಾಗಲಿ ಅವಳು ಯಾರಿಗೂ ಬೇಕಾಗಿರಲಿಲ್ಲ. ಅವಳು ಉಸಿರು ಬಿಗಿಹಿಡಿದು, ಮಲಗಿದ ಮಗುವಿನ ಪಕ್ಕದಿಂದ ಏಳುವವಳ ಹಾಗೆ, ಫೋನನ್ನು ಮೆಲ್ಲಗೆ ಕೆಳಗಿಟ್ಟಳು. ಎರಡು ದೀಪಗಳೂ ಆರಲಿಲ್ಲ. ಎಡಗಡೆಯದೂ ಉರಿಯುತ್ತಿತ್ತು, ಬಲಗಡೆಯದೂ ಉರಿಯುತ್ತಿತ್ತು.

ಎರಡೂ ಕೋಣೆಯ ಕೂಗಾಟ ಗಾಜು ದಾಟಿ ಹಾಲಿಗೂ ಕೇಳಿಸುವಂತಾದಾಗ ಹುಲ್ಲಣ್ಣ ಬಾಗಿಲಲ್ಲಿ ಇಣುಕಿದ. ಮೀಸೆಯಲ್ಲಿ ಹುಲ್ಲು.

“ಅಕ್ಕಾ, ಏನು ಪ್ರಳಯ ಇದು? ಯಾರಿಗೆ ಬೈತಿದ್ದಾರೆ?”

“ಒಬ್ಬರಿಗೊಬ್ಬರು.”

“ಫೋನಲ್ಲಾ? ನೇರವಾಗಾ?”

“ನೇರವಾಗಿ.”

ಹುಲ್ಲಣ್ಣ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಅವನ ದನಿ ತಗ್ಗಿತು. “ಅಂದ್ರೆ ನಾವೆಲ್ಲ ಗಂಟುಮೂಟೆ ಕಟ್ಕೋಬೇಕಾ?”

“ಏನೂ ಬೇಡ. ಹೋಗಿ ಪೆಟ್ಟಿಗೆ ಕಟ್ಟು,” ಎಂದಳು ಬೋರ್ಡಕ್ಕ. ಅನ್ನುವಾಗ ಅವಳ ಕಣ್ಣಲ್ಲಿ ನೀರು ತುಂಬಿತ್ತು, ಬಾಯಲ್ಲಿ ನಗು ಇತ್ತು. ಹುಲ್ಲಣ್ಣ ಏನೂ ತಿಳಿಯದೆ ತಲೆ ಕೆರೆದುಕೊಂಡ, ಒಂದೆರಡು ಎಳೆ ಹುಲ್ಲು ನೆಲಕ್ಕೆ ಉದುರಿತು.

ಮಧ್ಯಾಹ್ನ ಊಟ ಕಳೆದ ಮೇಲೆ ದೊಡ್ಡವರು ಕರೆಸಿದರು. ಬೋರ್ಡಕ್ಕ ಹೋಗಿ ಮೇಜಿನ ಮುಂದೆ ನಿಂತಳು. ಕೂಗಿ ಕೂಗಿ ಅವರ ಗಂಟಲು ಕಟ್ಟಿತ್ತು.

“ಯಾವತ್ತಿಂದ ನಡೀತಿದೆ ನಿನ್ನ ಈ ಕಾರುಬಾರು?”

“ಕನ್ನಡಿ ಒಡೆದ ವಾರದಿಂದ ದೊಡ್ಡೋರೆ.”

“ನನ್ನ ಬಾಯಲ್ಲಿ ಅಷ್ಟೆಲ್ಲ ಒಳ್ಳೆ ಮಾತು ತುರುಕಿದ್ದೀಯಲ್ಲ, ನನಗೆ ಅದು ಒಪ್ಪುತ್ತೆ ಅಂತ ಹೇಗೆ ಅಂದ್ಕೊಂಡೆ?”

“ಚಿಕ್ಕೋರು ಸುಮ್ಮನೆ ಕೇಳಿಸ್ಕೋತಿದ್ರು. ಅದಕ್ಕೆ ಒಪ್ಪುತ್ತೆ ಅಂದ್ಕೊಂಡೆ.”

ದೊಡ್ಡವರು ಕನ್ನಡಕ ತೆಗೆದು ಒರೆಸಿದರು, ಒರೆಸುತ್ತಲೇ ಇದ್ದರು. “ಇನ್ನು ಮೇಲೆ ಅವನನ್ನ ನಾನೇ ಬೈಕೋತೀನಿ. ನಿನ್ನ ಕೈಯಲ್ಲಿ ಕೊಟ್ರೆ ಬೈಗುಳ ಹಾಳಾಗುತ್ತೆ. ನೀನು ಹೊರಗಿನ ಫೋನು ನೋಡ್ಕೋ, ಗಿರಾಕಿಗಳನ್ನ ನೋಡ್ಕೋ. ಅವರಿಗೆ ಬೇಕಾದ್ರೆ ಎಷ್ಟಾದ್ರೂ ಸಕ್ಕರೆ ಹಾಕು.”

“ಆಯ್ತು ದೊಡ್ಡೋರೆ.”

“ಮತ್ತೆ ಅವನ ಬೆನ್ನು ಹೇಗಿದೆ?”

“ಅದನ್ನೂ ನೀವೇ ಕೇಳಿ,” ಎಂದಳು ಬೋರ್ಡಕ್ಕ. ಅಂದ ಮೇಲೆ ತನ್ನ ಧೈರ್ಯಕ್ಕೆ ತಾನೇ ಬೆಚ್ಚಿದಳು. ದೊಡ್ಡವರು ಹುಬ್ಬು ಗಂಟಿಕ್ಕಿ ನೋಡಿದರು, ಬೈಯಲಿಲ್ಲ.

ಅವಳು ತನ್ನ ಜಾಗಕ್ಕೆ ಬಂದು ಕೂತಳು. ದೊಡ್ಡ ಹಾಳೆ ಹೊತ್ತವರು ಅದನ್ನು ಚೌಕಟ್ಟಿಗೆ ಒರಗಿಸಿ ಕೈ ಬಿಟ್ಟಾಗ, ತೋಳುಗಳು ತಾವಾಗಿಯೇ ಮೇಲಕ್ಕೆ ತೇಲಿದ ಹಾಗಾಗುತ್ತದೆ ಎಂದು ಕೊಯ್ಯುವವರು ಹೇಳುವುದನ್ನು ಕೇಳಿದ್ದಳು. ಅಷ್ಟು ಹಗುರ ಅನ್ನಿಸಿತು. ನಾಳೆ ಯಾರಿಗೆ ಏನು ಹೇಳಲಿ, ಯಾವ ಮಾತು ತೆಗೆಯಲಿ, ಯಾವುದು ಹಾಕಲಿ ಅಂತ ಯೋಚಿಸದೆ ಅವಳು ಕೂತದ್ದು ಎಷ್ಟೋ ಕಾಲದ ಮೇಲೆ. ಹೊರಗಿನ ಫೋನೊಂದು ಬಂತು. ಯಾರೋ ಬಚ್ಚಲುಮನೆಗೆ ಕನ್ನಡಿ ಬೇಕೆಂದು ಕೇಳಿದರು. ಬೋರ್ಡಕ್ಕ ಅವರನ್ನು ಕೆಂಪು ಗುಂಡಿಯಲ್ಲಿ ಕೂರಿಸಿ, ಪೀಪಿ ಕೇಳಿಸಿ, ಹಸಿರಿನಲ್ಲಿ ದಾಟಿಸಿದಳು. ತಪ್ಪಾಗಲಿಲ್ಲ.

ಬುಧವಾರ ಇಡೀ ದಿನ ಅಣ್ಣತಮ್ಮ ಫೋನಿನಲ್ಲಿ ಜಗಳವಾಡಿದರು. ಎದ್ದು ನಾಲ್ಕು ಹೆಜ್ಜೆ ನಡೆದು ಎದುರು ಕೂತು ಮಾತಾಡುವುದು ಇಬ್ಬರಿಗೂ ಇನ್ನೂ ಆಗಿರಲಿಲ್ಲ. ಫೋನಿದ್ದರೆ ನಾಚಿಕೆ ಕಮ್ಮಿ.

ಗುರುವಾರ ಬೆಳಗ್ಗೆ ಗಾರೆ ಮೇಸ್ತ್ರಿ ಗಾಡಿ ತುಂಬ ಇಟ್ಟಿಗೆ ಹೇರಿಸಿಕೊಂಡು ಬಂದ. ಇಬ್ಬರೂ ಕೋಣೆಯಿಂದ ಹೊರಬಂದರು. ಹ್ಞಾಂ ಈಗ, ಎಂದು ಇಡೀ ಹಾಲು ಕೆಲಸ ನಿಲ್ಲಿಸಿ ನೋಡಿತು.

“ಗೋಡೆ ಬೇಡ ಮೇಸ್ತ್ರಿ,” ಎಂದರು ದೊಡ್ಡವರು.

“ಬೇಡ ಅಂತ ಮೊದಲು ಹೇಳಿದ್ದು ನಾನು,” ಎಂದರು ಚಿಕ್ಕವರು.

“ಮೊದಲು ಕರೆಸಿದ್ದು ನಾನು, ಬೇಡ ಅನ್ನೋದೂ ನಾನೇ.”

ಮೇಸ್ತ್ರಿ ಒಬ್ಬರ ಮುಖ ಒಮ್ಮೆ, ಇನ್ನೊಬ್ಬರ ಮುಖ ಒಮ್ಮೆ ನೋಡಿ, ಕೊನೆಗೆ ಬೋರ್ಡಕ್ಕನ ಕಡೆ ತಿರುಗಿದ. “ಅಕ್ಕಾ, ಇವರು ಹೇಳೋದು ಏನು, ನೀವಾದ್ರೂ ಬಿಡಿಸಿ ಹೇಳಿ.”

“ನನ್ನನ್ನ ಕೇಳ್ಬೇಡಪ್ಪ,” ಎಂದಳು ಬೋರ್ಡಕ್ಕ. “ಅವರು ಹೇಳಿದ್ದೇ ಅವರು ಹೇಳಿದ್ದು.”

ಅವನಿಗೆ ಚಹಾ ಕುಡಿಸಿದರು. ಹುಲ್ಲಣ್ಣ ಒದ್ದೆ ಬಟ್ಟೆ ಹಿಡಿದು ನೆಲದ ಸುಣ್ಣದ ಗೆರೆಯನ್ನು ಒಂದು ತುದಿಯಿಂದ ಒರೆಸುತ್ತಾ ಬಂದ. ಮೇಸ್ತ್ರಿ ತನ್ನ ದಾರ, ಕರಣೆ ಚೀಲಕ್ಕೆ ಹಾಕಿಕೊಂಡು, ಹೀಗೂ ಒಂದು ಕೆಲಸವಾ ಎಂದು ಗೊಣಗಿಕೊಂಡು, ಬಂದ ಗಾಡಿಯಲ್ಲೇ ಇಟ್ಟಿಗೆಯ ಮೇಲೆ ಕೂತು, ಗುರುವಾರ ಊಟದ ಹೊತ್ತಿಗೆ ಮುಂಚೆಯೇ ಹೊರಟುಹೋದ.